ಅಜ್ಜಿಗೆ ರಸ್ತೆ ದಾಟಿಸಿದೆ ಎಂದು ಬರೆಸುವ ಮೊದಲು: ಸ್ಕೌಟ್ ಮಕ್ಕಳಿಗೆ ಉಪಕಾರ ಕಲಿಸುವ ಬಗೆ

ಶಾಲೆ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಫೋನ್ ಬರಲು ತೊಡಗುತ್ತದೆ. ಹೊಸದಾಗಿ ಸ್ಕೌಟ್ಸ್ ಹೆಗಲಿಗೆ ಬಿದ್ದ ಮೇಷ್ಟ್ರು, ಗೈಡ್ಸ್ ವಹಿಸಿಕೊಂಡ ಟೀಚರ್, ಒಮ್ಮೊಮ್ಮೆ ಮಕ್ಕಳ ತಾಯಂದಿರು. ಎಲ್ಲರ ಪ್ರಶ್ನೆ ಒಂದೇ: "ಸರ್, ದಿನಕ್ಕೊಂದು ಒಳ್ಳೆಯ ಕೆಲಸದ ಡೈರಿಗೆ ಏನು ಬರೆಸೋದು?"

ನಾನು ನೋಡಿದ ಡೈರಿಗಳಲ್ಲಿ ಅರ್ಧಕ್ಕರ್ಧ "ಅಜ್ಜಿಗೆ ರಸ್ತೆ ದಾಟಿಸಿದೆ" ಎಂದೇ ಇರುತ್ತದೆ. ನಾಪೋಕ್ಲು ಕಡೆಯ ಒಳಹಳ್ಳಿಯ ಮಕ್ಕಳೂ ಹಾಗೇ ಬರೆಯುತ್ತಾರೆ. ಅಲ್ಲಿ ದಿನಕ್ಕೆ ಬರುವುದು ನಾಲ್ಕು ಬಸ್ಸು. ದಾಟಿಸಿಕೊಂಡಳೆನ್ನುವ ಅಜ್ಜಿ ಅದೇ ರಸ್ತೆಯಲ್ಲಿ ಹಸು ಹೊಡೆದುಕೊಂಡು ಈ ಮಕ್ಕಳಿಗಿಂತ ಬಿರುಸಾಗಿ ನಡೆಯುತ್ತಾಳೆ. ಮಗು ಸುಳ್ಳು ಬರೆದದ್ದು ಕೆಟ್ಟತನದಿಂದಲ್ಲ. ಏನಾದರೂ ಬರೆಯಲೇಬೇಕು ಎಂದು ನಾವು ಹೇಳಿದ್ದೆವು, ಏನನ್ನು ನೋಡಬೇಕು ಎಂದು ಹೇಳಿಕೊಡಲಿಲ್ಲ, ಅಷ್ಟೆ.

ಹಾಗಾಗಿ ಫೋನಿನಲ್ಲಿ ಹತ್ತಾರು ಸಲ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕೊಡಗಿನ ಶಾಲೆಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಮಳೆ, ತೋಟ, ಆನೆ, ಲೈನ್ ಮನೆ (ತೋಟದ ಕೂಲಿಕಾರರ ಸಾಲುಮನೆ) ಇಲ್ಲದ ಊರಿನವರು ತಮ್ಮೂರಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಮೊದಲು ಕೆಲವು ಪದಗಳು

"ಗುಡ್ ಟರ್ನ್" ಎಂದರೆ ಯಾರೂ ಹೇಳದೆ, ಯಾವ ಪ್ರತಿಫಲವನ್ನೂ ಬಯಸದೆ ಇನ್ನೊಬ್ಬರಿಗೆ ಮಾಡುವ ಸಣ್ಣ ಉಪಕಾರ. ಸ್ಕೌಟ್ ಪ್ರತಿಜ್ಞೆಯಲ್ಲಿ ಮೂರು ಭಾಗಗಳಿವೆ: ದೇವರು ಮತ್ತು ದೇಶದ ಬಗೆಗಿನ ಕರ್ತವ್ಯ, ಇತರರಿಗೆ ನೆರವು, ಸ್ಕೌಟ್ ನಿಯಮದ ಪಾಲನೆ. ಸ್ಕೌಟ್ ಚಿಹ್ನೆಯಲ್ಲಿ ಎತ್ತಿ ಹಿಡಿಯುವ ಮೂರು ಬೆರಳು ಈ ಮೂರನ್ನು ಹೇಳುತ್ತವೆ. ಕಿರುಬೆರಳ ಮೇಲೆ ಹೆಬ್ಬೆರಳು ಕೂರುವುದು ಬಲವಿದ್ದವರು ಬಲವಿಲ್ಲದವರನ್ನು ಕಾಯಬೇಕು ಎಂಬುದಕ್ಕೆ. ಗುಡ್ ಟರ್ನ್ ನಡುವಿನ ಬೆರಳಿನ ಲೆಕ್ಕಕ್ಕೆ ಸೇರಿದ್ದು.

"ಪೆಟ್ರೋಲ್" ಎಂದರೆ ಬಂಕಿನದಲ್ಲ. ಆರರಿಂದ ಎಂಟು ಮಕ್ಕಳ ತಂಡ. ಅದಕ್ಕೊಬ್ಬ ಲೀಡರ್, ಅವನೂ ಮಗುವೇ. ಇಂಥ ನಾಲ್ಕು ತಂಡ ಸೇರಿದರೆ ಒಂದು ತುಂಬಿದ ದಳ, ಅಂದರೆ 32 ಮಕ್ಕಳು. "ಪ್ರವೇಶ" ಎಂಬುದು ಸಮವಸ್ತ್ರ ಮತ್ತು ಸ್ಕಾರ್ಫ್ ಸಿಗುವ ಮೊದಲ ಮೆಟ್ಟಿಲು. ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಅದರಾಚೆ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪ್ರಶಸ್ತಿ.

"ಖರಿ ಕಮಾಯಿ" ಎಂದರೆ ಮಕ್ಕಳು ಕೆಲಸ ಮಾಡಿ ದಳಕ್ಕೆ ಹಣ ಗಳಿಸುವುದು. ಇದನ್ನೂ ಗುಡ್ ಟರ್ನನ್ನೂ ಬಹಳ ಮಂದಿ ಬೆರೆಸಿಬಿಡುತ್ತಾರೆ. ನೆರೆಮನೆಯವರ ಅಂಗಳ ಗುಡಿಸಿ ಐವತ್ತು ರೂಪಾಯಿ ತಂದರೆ ಅದು ಖರಿ ಕಮಾಯಿ. ಒಳ್ಳೆಯದೇ, ಆದರೆ ಅದರ ಪುಸ್ತಕ ಬೇರೆ. ಗುಡ್ ಟರ್ನಿಗೆ ಚಾಕೊಲೇಟನ್ನೂ ತೆಗೆದುಕೊಳ್ಳಬಾರದು. ಕೊಡಗಿನ ಮನೆಗಳಲ್ಲಿ ಇದು ಕಷ್ಟ, ಹೋದ ಮಗುವಿಗೆ ಏನೂ ಕೊಡದೆ ಕಳಿಸುವವರೇ ಇಲ್ಲ. ಕಾಫಿ ಕೊಟ್ಟರೆ ಕುಡಿದು ಬರಲಿ, ಕಿತ್ತಳೆ ಹಣ್ಣು ಕೊಟ್ಟರೆ ತಿನ್ನಲಿ. ದುಡ್ಡು ಮಾತ್ರ ಬೇಡ. ಬೇಡ ಎಂದು ಮರ್ಯಾದೆಯಿಂದ ಹೇಳುವುದನ್ನೂ ಮುಂಚೆಯೇ ಆಡಿಸಿ ಕಲಿಸಬೇಕಾಗುತ್ತದೆ.

ಬೇಕಾಗುವ ಸಾಮಾನು

ಹೆಚ್ಚೇನಿಲ್ಲ. ಪ್ರತಿ ಮಗುವಿಗೊಂದು 40 ಪುಟದ ನೋಟ್‌ಬುಕ್, ಸ್ಕಾರ್ಫ್ ಇನ್ನೂ ಬರದಿದ್ದರೆ ಒಂದು ಕರವಸ್ತ್ರ, ಮಳೆಗಾಲಕ್ಕೆ ಛತ್ರಿಯೋ ಪ್ಲಾಸ್ಟಿಕ್ ಕೊಪ್ಪೆಯೋ. ನಿಮ್ಮ ಬಳಿ ಒಂದು ದೊಡ್ಡ ಪುಸ್ತಕ. ಇದರ ಜೊತೆಗೆ ಪೋಷಕರ ಒಪ್ಪಿಗೆ ಬರಹದಲ್ಲಿರಬೇಕು. "ನನ್ನ ಮಗು ಶಾಲೆ ಬಿಟ್ಟ ಮೇಲೆ ಇಂಥ ಸೇವೆಗೆ, ಇಂಥ ಜಾಗಕ್ಕೆ, ಇಷ್ಟು ಗಂಟೆಯೊಳಗೆ ಹೋಗಿ ಬರಬಹುದು" ಎಂಬ ಮೂರು ಸಾಲು ಸಾಕು. ಮುಖ್ಯೋಪಾಧ್ಯಾಯರ ಸಹಿಯೂ ಇರಲಿ.

ಗೋಡೆಗೆ ಅಂಟಿಸುವ ನಕ್ಷತ್ರದ ಪಟ್ಟಿ ಮಾತ್ರ ಬೇಡ. ನಾನು ಮೊದಲ ವರ್ಷ ಅದನ್ನೇ ಮಾಡಿ ಕೆಟ್ಟೆ. ಒಳ್ಳೆಯ ಕೆಲಸಕ್ಕೊಂದು ನಕ್ಷತ್ರ, ಹೆಚ್ಚು ಬಂದವರಿಗೆ ಬಹುಮಾನ. ಮೂರನೇ ವಾರ ಒಬ್ಬ ಹುಡುಗ ಇನ್ನೊಬ್ಬನ ಪೆನ್ಸಿಲ್ ಬಚ್ಚಿಟ್ಟು ಆಮೇಲೆ "ಹುಡುಕಿ ಕೊಟ್ಟ". ನಕ್ಷತ್ರಕ್ಕಾಗಿ. ಅವನಿಗೆ ಆ ದಾರಿ ತೋರಿಸಿದವನು ನಾನೇ.

ಹಂತ 1: ನೋಡಲು ಕಲಿಸಿ (ಎರಡು ವಾರ)

ಇದಕ್ಕೆ ಸಾಕಷ್ಟು ಸಮಯ ಕೊಡಿ. ಎಲ್ಲರೂ ಹಾರಿಸುವ ಹಂತವೂ ಇದೇ. ಯಾರಿಗೆ ಏನು ಬೇಕಾಗಿದೆ ಎಂಬುದು ಕಣ್ಣಿಗೆ ಬೀಳದ ಮಗು ಉಪಕಾರವನ್ನು ಎಲ್ಲಿಂದ ತರುತ್ತದೆ?

ಸ್ಕೌಟಿಂಗ್‌ನಲ್ಲಿ ಇದಕ್ಕೊಂದು ಹಳೆಯ ಆಟ ಇದೆ, ಕಿಮ್ ಆಟ. ತಟ್ಟೆಯಲ್ಲಿ 24 ವಸ್ತು ಇಟ್ಟು, ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚಿ, ನೆನಪಿದ್ದದ್ದನ್ನು ಬರೆಸುವುದು. 16ಕ್ಕಿಂತ ಕಡಿಮೆಯಾದರೆ ಇನ್ನೂ ಅಭ್ಯಾಸ ಬೇಕು ಎಂದು ಲೆಕ್ಕ. ಮೊದಲ ಎರಡು ದಿನ ಇದನ್ನೇ ಆಡಿಸಿ: ಬೀಗದಕೈ, ಕಾಫಿ ಬೀಜ, ಒಳ್ಳೆಮೆಣಸಿನ ಗೊಂಚಲು, ಬಸ್ ಟಿಕೆಟು, ಸೂಜಿ, ಸಿಕ್ಕಿದ್ದೆಲ್ಲ.

ಮೂರನೇ ದಿನದಿಂದ ತಟ್ಟೆಯ ಜಾಗಕ್ಕೆ ದಾರಿಯನ್ನು ತನ್ನಿ. "ನಾಳೆ ಮನೆಯಿಂದ ಶಾಲೆಗೆ ಬರುವಾಗ ಯಾರು ಯಾರು ಏನಕ್ಕೆ ಒದ್ದಾಡುತ್ತಿದ್ದರು, ನೋಡಿಕೊಂಡು ಬನ್ನಿ. ಏನೂ ಮಾಡಬೇಡಿ, ಬರೀ ನೋಡಿ." ಏನೂ ಮಾಡಬೇಡಿ ಎಂದಾಗ ಮಕ್ಕಳಿಗೆ ಆಶ್ಚರ್ಯ. ಆದರೆ ಮಾಡಬೇಕು ಎಂಬ ಅವಸರ ಹೋದ ಮೇಲೇ ಕಣ್ಣು ತೆರೆಯುವುದು. ಮೊದಲ ದಿನ ಬರುವ ಉತ್ತರಗಳು ಪುಸ್ತಕದವು: ಅಜ್ಜಿ, ರಸ್ತೆ, ಕುರುಡರು. ನಾಲ್ಕನೆಯ ದಿನದ ಹೊತ್ತಿಗೆ ನಿಜವಾದವು ಬರುತ್ತವೆ. ಬಸ್ಸಿನಲ್ಲಿ ಒಂದನೇ ತರಗತಿಯ ಪುಟ್ಟಿಗೆ ಮೇಲಿನ ಕಂಬಿ ಎಟುಕುವುದಿಲ್ಲ, ತಿರುವಿನಲ್ಲಿ ಬೀಳುತ್ತಾಳೆ. ಬಿಸಿಯೂಟದ ಅಕ್ಕ ದೊಡ್ಡ ಪಾತ್ರೆಯನ್ನು ಒಬ್ಬರೇ ಇಳಿಸುತ್ತಾರೆ. ಲೈನ್ ಮನೆಗೆ ಅಸ್ಸಾಮಿನಿಂದ ಹೊಸದಾಗಿ ಬಂದ ಹುಡುಗ ಊಟದ ಸಾಲಿನಲ್ಲಿ ಕೊನೆಗೆ ನಿಲ್ಲುತ್ತಾನೆ, ಏನು ಕೇಳಬೇಕೆಂದು ಅವನಿಗೆ ಗೊತ್ತಿಲ್ಲ. ಪೋಸ್ಟ್ ಹಾಕುವವರು ಗೇಟಿನ ನಾಯಿಗೆ ಹೆದರಿ ರಸ್ತೆಯಿಂದಲೇ ಕೂಗುತ್ತಾರೆ.

ಬಂದದ್ದನ್ನೆಲ್ಲ ದೊಡ್ಡ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಇಡೀ ವರ್ಷದ ಬಂಡವಾಳ ಅದೇ.

ಒಂದು ಎಚ್ಚರಿಕೆ. ಕೆಲವೊಮ್ಮೆ ಮಕ್ಕಳು ನೋಡಬಾರದ್ದನ್ನೂ ನೋಡಿಬಿಡುತ್ತಾರೆ. ಕುಡಿದು ಹೊಡೆಯುವ ಅಪ್ಪ, ಶಾಲೆ ಬಿಟ್ಟು ಕೂಲಿಗೆ ಹೋಗುವ ಗೆಳೆಯ. ಇದನ್ನು ಸಣ್ಣ ಉಪಕಾರದ ಪಟ್ಟಿಗೆ ಸೇರಿಸಬೇಡಿ, ವೃತ್ತದಲ್ಲಿ ಕೂರಿಸಿ ಚರ್ಚೆಗೂ ಇಡಬೇಡಿ. ಹೇಳಿದ ಮಗುವಿನ ಜೊತೆ ಬೇರೆಯಾಗಿ ಮಾತಾಡಿ, ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹಂತ 2: ಮನೆಯೊಳಗೆ ಒಂದು ತಿಂಗಳು

ಹೊರಗಿನ ಸೇವೆಗೆ ಹಾರುವ ಮೊದಲು ಮನೆಯಲ್ಲಿ ದಿನಕ್ಕೊಂದು. ಇಲ್ಲಿ ಬರುವ ದೊಡ್ಡ ಗೊಂದಲ: ತನ್ನ ಹಾಸಿಗೆ ಮಡಚಿದ್ದು, ತನ್ನ ತಟ್ಟೆ ತೊಳೆದದ್ದು, ಹೋಂವರ್ಕ್ ಮಾಡಿದ್ದು ಒಳ್ಳೆಯ ಕೆಲಸವೇ? ನನ್ನ ಉತ್ತರ, ಇಲ್ಲ. ಅದು ತನ್ನ ಪಾಲಿನ ಕೆಲಸ. ಅಮ್ಮ ಹೇಳಿ ಮಾಡಿಸಿದ್ದೂ ಲೆಕ್ಕಕ್ಕಿಲ್ಲ. ಅಮ್ಮ ಕೇಳುವ ಮೊದಲೇ ಮಳೆ ಬರುವ ಮುನ್ನ ಅಂಗಳದ ಬಟ್ಟೆ ಒಳಗೆ ತಂದರೆ ಅದು ಲೆಕ್ಕಕ್ಕುಂಟು. ಒಣಗಲು ಹರಡಿದ ಕಾಫಿಗೆ ಮೋಡ ಕವಿದಾಗ ಟಾರ್ಪಾಲ್ ಎಳೆದರೆ ಅದು ಇನ್ನೂ ದೊಡ್ಡ ಲೆಕ್ಕ. ಬೆಳೆಗಾರರ ಮನೆಯವರನ್ನು ಕೇಳಿ ನೋಡಿ.

ಪೋಷಕರಿಗೆ ಮೊದಲೇ ಒಂದು ಮಾತು ಹೇಳಿಬಿಡಿ: ಸ್ಕೌಟ್ ಆದ ಎಂದು ಮನೆಗೆಲಸದ ಪಟ್ಟಿ ಅಂಟಿಸಬೇಡಿ. "ನೀನು ಸ್ಕೌಟ್ ಅಲ್ವಾ, ನೀರು ತಂದುಕೊಡು" ಎಂಬ ಹಂಗಿಸುವಿಕೆ ಒಂದೇ ವಾರದಲ್ಲಿ ಮಗುವಿನ ಉತ್ಸಾಹ ಬತ್ತಿಸುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇನ್ನೂ ಜಾಗ್ರತೆ ಬೇಕು. ಮೊದಲೇ ಮನೆಯ ಅರ್ಧ ಕೆಲಸ ಹೊತ್ತ ಹುಡುಗಿಗೆ ಗೈಡ್ಸ್ ಹೆಸರಲ್ಲಿ ಇನ್ನಷ್ಟು ಹೊರಿಸುವುದು ಉಪಕಾರವಲ್ಲ. ಅವಳ ಅಣ್ಣ ಸ್ಕೌಟ್ ಆಗಿದ್ದರೆ ಒಂದು ತಿಂಗಳು ಪಾತ್ರೆ ಅವನ ಪಾಲಿಗೆ ಬರಲಿ. ಇದನ್ನು ನಾನು ಪೋಷಕರ ಸಭೆಯಲ್ಲಿ ಹೇಳಿದಾಗ ನಗು ಬರುತ್ತದೆ. ಹುಡುಗರು ಮಾತ್ರ ನಗುವುದಿಲ್ಲ.

ಹಂತ 3: ಗಂಟು

ಬೆಳಿಗ್ಗೆ ಸ್ಕಾರ್ಫಿನ ಇಲ್ಲವೇ ಕರವಸ್ತ್ರದ ತುದಿಗೆ ಒಂದು ಗಂಟು. ಒಳ್ಳೆಯ ಕೆಲಸವಾದ ಮೇಲೆ ಬಿಚ್ಚುವುದು. ಸ್ಕೌಟಿಂಗ್ ಆರಂಭಿಸಿದ ಬೇಡನ್ ಪೊವೆಲ್ ಕಾಲದಿಂದಲೂ ಇರುವ ಉಪಾಯ. ಹಳೆಯದಾದರೂ ಇದಕ್ಕಿಂತ ಚೆನ್ನಾದದ್ದು ನನಗೆ ಸಿಕ್ಕಿಲ್ಲ. ಗಂಟು ಬಿಚ್ಚದೆ ಮನೆಗೆ ಹೋದ ಮಗುವನ್ನು ಯಾರೂ ಕೇಳಬಾರದು. ಅದು ಮಗುವಿಗೂ ಗಂಟಿಗೂ ಇರುವ ವ್ಯವಹಾರ.

ಹಂತ 4: ಕೇಳಿ ಮಾಡುವುದು

ಬೇಡದ ಉಪಕಾರ ಕಾಟ. ಹಿರಿಯರ ಕೈಯ ಚೀಲ ಕಿತ್ತುಕೊಂಡು ಓಡುವ ಉತ್ಸಾಹಿಗಳನ್ನು ನೋಡಿದ್ದೇನೆ, ಆ ಹಿರಿಯರು ಕಳ್ಳನೆಂದು ಕೂಗಿದ್ದನ್ನೂ ಕೇಳಿದ್ದೇನೆ. ಮಾತು ಮೊದಲು, ಕೈ ಆಮೇಲೆ. ಇದನ್ನು ಇಬ್ಬಿಬ್ಬರನ್ನು ನಿಲ್ಲಿಸಿ ಆಡಿಸಿ:

"ಅಜ್ಜಿ, ಚೀಲ ನಾನು ಹಿಡ್ಕೊಳ್ಲಾ? ಬಸ್‌ಸ್ಟ್ಯಾಂಡ್ ತನಕ ಬರ್ತೇನೆ."
"ಬೇಡ ಮಗ, ನಂಗೆ ಆಗ್ತದೆ."
"ಸರಿ ಅಜ್ಜಿ."

ಈ ಮೂರನೆಯ ಸಾಲನ್ನು ಕಲಿಸುವುದೇ ಕಷ್ಟ. ಬೇಡ ಎಂದರೆ ಬಿಡಬೇಕು, ಮುಖ ಸಪ್ಪಗೆ ಮಾಡಬಾರದು. ಬೇಡ ಎನಿಸಿಕೊಂಡ ದಿನವೂ ಗಂಟು ಬಿಚ್ಚಬಹುದು ಎಂದು ನನ್ನ ದಳದಲ್ಲಿ ನಿಯಮವಿದೆ. ಕೇಳಿದ್ದೂ ಒಂದು ಕೆಲಸವೇ.

ಕರೆಯುವ ರೀತಿಯನ್ನೂ ಗಮನಿಸಿ. ಕೊಡವ ಮನೆಗಳಲ್ಲಿ ಅಜ್ಜಿಯನ್ನು "ತಾಯಿ" ಎನ್ನುತ್ತಾರೆ, ಗೌಡರ ಮನೆಯಲ್ಲಿ, ಬ್ಯಾರಿ ಮನೆಯಲ್ಲಿ, ಹಾಡಿಯಲ್ಲಿ (ಆದಿವಾಸಿಗಳ ಕೇರಿಯಲ್ಲಿ) ಕರೆಯುವ ಪದ ಬೇರೆ ಬೇರೆ. ಅವರವರ ಮನೆಯ ಪದದಲ್ಲೇ ಮಗು ಕರೆದರೆ ಅರ್ಧ ಕೆಲಸ ಆದಂತೆ. ಯಾವ ಪದ ಎಂದು ಗೊತ್ತಿಲ್ಲದಿದ್ದರೆ ಆ ಮನೆಯ ಮಗುವನ್ನೇ ಕೇಳಲಿ.

ಹಂತ 5: ಡೈರಿ

ಈಗ ಬಂತು ನೀವು ಫೋನ್ ಮಾಡಿದ ವಿಷಯ. ದಿನಕ್ಕೆ ಎರಡೇ ಸಾಲು. ಮೊದಲನೆಯದು, ಏನು ಕಂಡೆ. ಎರಡನೆಯದು, ಏನು ಮಾಡಿದೆ. "ಹೀಗೆ ಮಾಡಿ ನನಗೆ ತುಂಬ ಸಂತೋಷವಾಯಿತು" ಎಂಬ ಮೂರನೆಯ ಸಾಲನ್ನು ಹೊಡೆದುಹಾಕಿ. ಅದನ್ನು ಮಗು ನಿಮಗಾಗಿ ಬರೆಯುತ್ತದೆ.

ಸರಿಯಿಲ್ಲದ ಬರಹ: "ನಾನು ಇಂದು ವೃದ್ಧರೊಬ್ಬರಿಗೆ ಸಹಾಯ ಮಾಡಿ ಸಮಾಜಸೇವೆ ಮಾಡಿದೆನು."

ಸರಿಯಾದದ್ದು: "ಪಕ್ಕದ ಮನೆ ಅಜ್ಜನ ಫೋನ್ ಮೂರು ದಿನದಿಂದ ಆಫ್. ಕರೆಂಟ್ ಇಲ್ಲ. ಶಾಲೆಯಲ್ಲಿ ಚಾರ್ಜ್ ಮಾಡಿ ಸಂಜೆ ಕೊಟ್ಟೆ."

ಉಪಕಾರ ಪಡೆದವರ ಹೆಸರು ಬರೆಸಬೇಡಿ. ಡೈರಿ ಪರೀಕ್ಷಕರ ಕೈಗೆ ಹೋಗುತ್ತದೆ, ಪ್ರದರ್ಶನದ ಮೇಜಿಗೂ ಹೋಗುತ್ತದೆ. ಯಾರ ಮನೆಯಲ್ಲಿ ಅಕ್ಕಿ ಇರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಾಗಬೇಕಿಲ್ಲ. ಏನೂ ಮಾಡದ ದಿನ "ಇಂದು ಇಲ್ಲ" ಎಂದು ಬರೆಯಲು ಬಿಡಿ. ತಿಂಗಳಲ್ಲಿ ನಾಲ್ಕೈದು "ಇಂದು ಇಲ್ಲ" ಇರುವ ಡೈರಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ಇನ್ನು ಫೋಟೋ. ಬೇಡ. ಹಣ್ಣಿನ ತಟ್ಟೆಯ ಒಂದು ತುದಿಯನ್ನು ಹತ್ತು ಮಕ್ಕಳು ಹಿಡಿದು, ಇನ್ನೊಂದು ತುದಿಯಲ್ಲಿ ರೋಗಿ ತಲೆ ತಗ್ಗಿಸಿ ನಿಂತ ಫೋಟೋ ವಾಟ್ಸಾಪಿನಲ್ಲಿ ಓಡಾಡಿದರೆ ಮಗು ಕಲಿಯುವುದು ಕ್ಯಾಮೆರಾ ಕಡೆ ನೋಡುವುದನ್ನು. ವರದಿಗೆ ಚಿತ್ರ ಬೇಕೇ ಬೇಕು ಎಂದು ಮೇಲಿನವರು ಕೇಳಿದರೆ ಗಿಡ ನೆಡುವುದರದ್ದೋ ಶಾಲೆಯ ಆವರಣ ಗುಡಿಸುವುದರದ್ದೋ ಕಳಿಸಿ. ಗಿಡಕ್ಕೆ ಮುಜುಗರವಿಲ್ಲ.

ಸ್ಕೌಟಿಂಗ್‌ನ ಅತಿ ಪ್ರಸಿದ್ಧ ಗುಡ್ ಟರ್ನಿನ ಫೋಟೋ ಯಾರ ಬಳಿಯೂ ಇಲ್ಲ ಎಂಬುದನ್ನು ಈ ಹಂತದಲ್ಲಿ ಮಕ್ಕಳಿಗೆ ಹೇಳಿ. 1909ರಲ್ಲಿ ವಿಲಿಯಂ ಬಾಯ್ಸ್ ಎಂಬ ಅಮೆರಿಕದ ಪ್ರಕಾಶಕ ಲಂಡನ್ನಿನಲ್ಲಿ ದಾರಿ ಕಾಣದೆ ನಿಂತಿದ್ದಾಗ ಹುಡುಗನೊಬ್ಬ ದಾರಿ ತೋರಿಸಿದ, ದುಡ್ಡು ಕೊಟ್ಟರೆ "ನಾನು ಸ್ಕೌಟ್, ಬೇಡ" ಎಂದ ಎಂಬುದು ಕತೆ. ದಟ್ಟ ಮಂಜಿತ್ತು ಎನ್ನುವ ಭಾಗದ ಬಗ್ಗೆ ಅನುಮಾನವಿದೆ. ಮಡಿಕೇರಿಯ ಮಕ್ಕಳಿಗೆ ಮಾತ್ರ ಆ ಭಾಗವೇ ಚೆನ್ನಾಗಿ ಅರ್ಥವಾಗುತ್ತದೆ. ಅನುಮಾನವಿಲ್ಲದ್ದು ಇಷ್ಟು: 1910ರ ಫೆಬ್ರವರಿ 8ರಂದು ಬಾಯ್ಸ್ ಅಮೆರಿಕದಲ್ಲಿ ಬಾಯ್ ಸ್ಕೌಟ್ಸ್ ಸಂಸ್ಥೆಯನ್ನು ನೋಂದಾಯಿಸಿದರು, ಆ ಹುಡುಗ ಯಾರೆಂದು ಇವತ್ತಿಗೂ ಪತ್ತೆಯಿಲ್ಲ. ಅವನ ನೆನಪಿಗೆ ಅಮೆರಿಕದವರು 1926ರಲ್ಲಿ ಇಂಗ್ಲೆಂಡಿನ ಸ್ಕೌಟ್ ತರಬೇತಿ ಕೇಂದ್ರವಾದ ಗಿಲ್ವೆಲ್ ಪಾರ್ಕಿಗೆ ಕಂಚಿನ ಕಾಡೆಮ್ಮೆಯ ಪ್ರತಿಮೆಯೊಂದನ್ನು ಕೊಟ್ಟರು. ಹೆಸರು ಗೊತ್ತಿಲ್ಲದವನಿಗೆ ಎಮ್ಮೆಯ ಪ್ರತಿಮೆ. ಮಕ್ಕಳು ಇದನ್ನು ಮರೆಯುವುದೇ ಇಲ್ಲ.

ಹಂತ 6: ಪೆಟ್ರೋಲಿಗೊಂದು ಕಾಯಂ ಕೆಲಸ

ಎರಡು ತಿಂಗಳಾದ ಮೇಲೆ ಒಂಟಿ ಉಪಕಾರದಿಂದ ತಂಡದ ಕೆಲಸಕ್ಕೆ ಬನ್ನಿ. ಬದುಕು ತಿದ್ದುವ ಶಕ್ತಿ ಇರುವುದು ಇಲ್ಲಿ ಎಂಬುದು ನನ್ನ ಅನುಭವ. ಒಂದೇ ಒಂದು ಸಹಾಯದಿಂದ ಯಾರದ್ದೋ ಬಾಳೇ ಬದಲಾಯಿತು ಎಂಬ ವೇದಿಕೆ ಭಾಷಣಗಳು ನನಗೆ ಹಿಡಿಸುವುದಿಲ್ಲ. ಅಂಥದ್ದು ಎಲ್ಲೋ ಒಮ್ಮೆ ಆಗುತ್ತದೆ. ಪ್ರತಿ ಶನಿವಾರ ಹನ್ನೆರಡೂವರೆಗೆ ಅದೇ ಇಬ್ಬರು ಮಕ್ಕಳು ಅದೇ ಗೇಟು ತೆರೆದು ಬರುತ್ತಾರೆ ಎಂದು ಒಬ್ಬ ಅಜ್ಜ ಕಾಯುತ್ತಾರಲ್ಲ, ಅದು ಎರಡೂ ಕಡೆ ಕೆಲಸ ಮಾಡುತ್ತದೆ. ಕಾಯುವವರಿದ್ದಾರೆ ಎಂದು ಗೊತ್ತಿರುವ ಮಗು ಮಳೆಯಲ್ಲೂ ತಪ್ಪಿಸುವುದಿಲ್ಲ.

ಪ್ರತಿ ಪೆಟ್ರೋಲ್ ಒಂದೇ ಕೆಲಸ ಆರಿಸಿಕೊಳ್ಳಲಿ. ಯಾವುದು ಎಂದು ಮಕ್ಕಳೇ ತೀರ್ಮಾನಿಸಲಿ, ಹಂತ 1ರ ದೊಡ್ಡ ಪುಸ್ತಕ ಅವರ ಮುಂದಿರಲಿ. ನಮ್ಮ ಜಿಲ್ಲೆಯ ವರ್ಷಕ್ಕೆ ಹೊಂದುವ ಕೆಲವು ಇಲ್ಲಿವೆ.

ಮಳೆಗಾಲ, ಜೂನಿನಿಂದ ಆಗಸ್ಟ್. ಮರ ಬಿದ್ದು ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಮಕ್ಕಳು ಬೆಂಗಳೂರಲ್ಲಿ, ವಯಸ್ಸಾದವರು ತೋಟದ ಮನೆಯಲ್ಲಿ ಇಬ್ಬರೇ. ಫೋನ್ ಚಾರ್ಜ್ ಮಾಡಿಕೊಡುವುದು, ಮುಗಿಯುತ್ತಿರುವ ಮಾತ್ರೆಯ ಚೀಟಿಯನ್ನು ಮೆಡಿಕಲ್ ಅಂಗಡಿಗೆ ತಲುಪಿಸುವುದು, ಬಾಗಿಲಲ್ಲಿ ನಿಂತು "ಹೇಗಿದ್ದೀರಿ" ಎಂದು ಕೇಳಿ ಬರುವುದು. ಶಾಲೆಯಲ್ಲಾದರೆ ಚಿಕ್ಕ ಮಕ್ಕಳ ಬ್ಯಾಗಿಗೆ ಪ್ಲಾಸ್ಟಿಕ್ ಹೊದಿಸುವುದು, ಕಾಲಿನ ಜಿಗಣೆ ಬಿಡಿಸುವುದು. ಒಂದನೇ ತರಗತಿಯವರಿಗೆ ಜಿಗಣೆ ಬಿಡಿಸುವ ಏಳನೇ ತರಗತಿಯವನೇ ದೇವರು.

ನವೆಂಬರ್. ನಮ್ಮಲ್ಲಿ ನಿವೃತ್ತ ಸೈನಿಕರು ಬಹಳ, ಪಿಂಚಣಿಗೆ ಜೀವನ ಪ್ರಮಾಣಪತ್ರ ಕೊಡಬೇಕಾದ ತಿಂಗಳಿದು. ಬ್ಯಾಂಕಿನವರೆಗೆ ಜೊತೆಗೆ ಹೋಗುವುದು, ಸಾಲಿನಲ್ಲಿ ಕುರ್ಚಿ ಕೇಳಿ ಕೊಡಿಸುವುದು ಮಕ್ಕಳ ಕೆಲಸ. ಅಲ್ಲಿಗೆ ನಿಲ್ಲಬೇಕು. ಯಾರದ್ದೇ ಒಟಿಪಿ ಓದಿ ಹೇಳಬಾರದು, ಎಟಿಎಂ ಪಿನ್ ಕೇಳಬಾರದು, ಫೋನಿನಲ್ಲಿ ಹಣದ ಆ್ಯಪ್ ತೆರೆಯಬಾರದು. ಅಜ್ಜ ತಾವೇ ಕೊಟ್ಟರೂ "ನಮಗೆ ಮುಟ್ಟೋ ಹಾಗಿಲ್ಲ ಅಜ್ಜ" ಎನ್ನಬೇಕು. ಆಮೇಲೆ ಎಲ್ಲೋ ಹಣ ಹೋದರೆ ಮೊದಲ ಅನುಮಾನ ಮಗುವಿನ ಮೇಲೆ ಬರುತ್ತದೆ. ಈ ಮಾತನ್ನು ಡೈರಿಯ ಮೊದಲ ಪುಟದಲ್ಲೇ ಬರೆಸಿ.

ಡಿಸೆಂಬರಿನಿಂದ ಫೆಬ್ರವರಿ, ಕಾಫಿ ಕುಯ್ಲು. ತೋಟದ ಕೆಲಸದ ತಾಯಂದಿರು ಕುಯ್ದ ಹಣ್ಣು ತೂಕ ಹಾಕಿಸಿ ಮನೆಗೆ ಬರುವಾಗ ಹೊತ್ತಾಗುತ್ತದೆ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಶಾಲೆಯ ಜಗಲಿಯಲ್ಲೇ ಸಣ್ಣವರಿಗೆ ಮಗ್ಗಿ, ಓದು. ಶಿಕ್ಷಕರೊಬ್ಬರು ಅಲ್ಲೇ ಇರಬೇಕು.

ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿ, ಭಾಗಮಂಡಲದಲ್ಲಿ ಸೇರುವ ಜನಸಂದಣಿಯಲ್ಲಿ ಸೇವೆ ಮಾಡಲು ಎಲ್ಲ ದಳಗಳಿಗೂ ಆಸೆ. ಅದನ್ನು ರೋವರ್ ಮತ್ತು ರೇಂಜರ್‌ಗಳಿಗೆ, ಅಂದರೆ ಕಾಲೇಜಿನ ವಯಸ್ಸಿನವರಿಗೆ ಬಿಡಿ.

ಹಂತ 7: ಕೊಡುವವರು, ಪಡೆಯುವವರು ಎಂದು ದಳ ಒಡೆಯಬಾರದು

ಇದನ್ನು ಬಿಟ್ಟರೆ ಮೇಲಿನ ಆರೂ ಹಂತ ಕೆಡುತ್ತವೆ.

ಎಷ್ಟೋ ದಳಗಳಲ್ಲಿ ಪೇಟೆಯ ಮಕ್ಕಳು, ಬೆಳೆಗಾರರ ಮಕ್ಕಳು ಉಪಕಾರ ಮಾಡುತ್ತಾರೆ, ಲೈನ್ ಮನೆಯ ಮಕ್ಕಳು, ಯರವ, ಕುರುಬ ಹಾಡಿಗಳ ಮಕ್ಕಳು ಉಪಕಾರ ಮಾಡಿಸಿಕೊಳ್ಳುತ್ತಾರೆ. ಹಳೆಯ ಬಟ್ಟೆ, ಹಳೆಯ ಪುಸ್ತಕ, ಚಪ್ಪಾಳೆ. ವರ್ಷವಿಡೀ ಪಡೆಯುವ ಜಾಗದಲ್ಲೇ ಕೂತ ಮಗುವಿಗೆ ತನ್ನ ಬಗ್ಗೆ ಏನನಿಸಬಹುದು, ಯೋಚಿಸಿ. ಕಾಡಿನ ದಾರಿ, ಹಕ್ಕಿಯ ಕೂಗು, ಬೆಂಕಿ ಹಚ್ಚುವ ಕೌಶಲ, ಯಾವ ಸೊಪ್ಪು ತಿನ್ನಬಹುದು ಎಂಬ ತಿಳಿವಳಿಕೆ ಹಾಡಿಯ ಮಗುವಿಗೆ ಇರುವಷ್ಟು ದಳದಲ್ಲಿ ಇನ್ನಾರಿಗೂ ಇರುವುದಿಲ್ಲ. ಸ್ಕೌಟಿಂಗ್ ಪಠ್ಯದ ಕಾಲುಭಾಗ ಅದೇ. ಆ ಮಗು ಕಲಿಸಲಿ, ಉಳಿದವರು ಕಲಿಯಲಿ.

ನಮ್ಮ ದಳದ ಒಬ್ಬ ಹುಡುಗ, ಲೈನ್ ಮನೆಯವನು, ಓದಿನಲ್ಲಿ ಹಿಂದೆ. ತೋಟದಲ್ಲಿ ಉತ್ತರ ಭಾರತದವರೊಡನೆ ಇದ್ದು ಹಿಂದಿ ಕಲಿತಿದ್ದ. ಅಸ್ಸಾಮಿನಿಂದ ಬಂದ ಇಬ್ಬರು ಮಕ್ಕಳಿಗೆ ತರಗತಿಯಲ್ಲಿ ದುಭಾಷಿ ಬೇಕಿತ್ತು, ಅವನನ್ನು ಪಕ್ಕ ಕೂರಿಸಿದೆವು. ಅವರಿಗೆ ಹೇಳಬೇಕಾದರೆ ಪಾಠವನ್ನು ತಾನು ಕೇಳಿಸಿಕೊಳ್ಳಬೇಕಲ್ಲ, ಕೇಳಿಸಿಕೊಳ್ಳತೊಡಗಿದ. ಬೇಸಿಗೆ ರಜೆ ಬರುವ ಹೊತ್ತಿಗೆ ಅವನೇ ಕೈಯೆತ್ತಿ ಪ್ರಶ್ನೆ ಕೇಳುತ್ತಿದ್ದ.

ಈ ಚಳವಳಿಗೆ ಈ ತಪ್ಪು ಹೊಸದಲ್ಲ. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಮೊದಲ ಶಿಬಿರದ 20 ಹುಡುಗರಲ್ಲಿ ಸಿರಿವಂತರ ಮಕ್ಕಳೂ ಕೂಲಿಕಾರರ ಮಕ್ಕಳೂ ಬೇಕೆಂದೇ ಬೆರೆತಿದ್ದರು. ಆದರೆ 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಭಾರತದ ಮೊದಲ ದಳ ಶುರುವಾದಾಗ ಸ್ಕೌಟಿಂಗ್ ಇದ್ದದ್ದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ. ಎಲ್ಲರಿಗೂ ಸ್ನೇಹಿತ ಎಂದು ನಿಯಮ ಹೇಳುವಾಗಲೇ ಬಾಗಿಲು ಮುಚ್ಚಿತ್ತು. ಅನಿ ಬೆಸೆಂಟ್ 1917ರಲ್ಲಿ ಭಾರತೀಯ ಮಕ್ಕಳಿಗೆಂದೇ ಬೇರೆ ಸಂಘ ಕಟ್ಟಿದರು, ಮರುವರ್ಷ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿ ಸ್ಕೌಟ್ ಸಂಘವನ್ನು ಕಟ್ಟಿದರು. ಎಲ್ಲ ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು.

ಮಾಡಬೇಕಾದದ್ದು ಸರಳ. ತಿಂಗಳ ಕೊನೆಗೆ ದೊಡ್ಡ ಪುಸ್ತಕ ತೆರೆದು ನೋಡಿ, ಈ ತಿಂಗಳು ಬರೀ ಪಡೆದವರು ಯಾರು? ಮುಂದಿನ ತಿಂಗಳ ಕಾಯಂ ಕೆಲಸದ ಮುಂದಾಳತ್ವ ಅವರಿಗೆ.

ಎಲ್ಲ ಹಂತಗಳಿಗೂ ಅನ್ವಯಿಸುವ ಎಚ್ಚರಿಕೆಗಳು

ಯಾವ ಮಗುವೂ ಒಂಟಿಯಾಗಿ ಯಾರ ಮನೆಯೊಳಗೂ ಹೋಗಬಾರದು. ಕನಿಷ್ಠ ಇಬ್ಬರು, ಜಗಲಿಯವರೆಗೆ ಮಾತ್ರ. ಯಾವ ಮನೆಗಳು ಎಂಬುದನ್ನು ನೀವು ಮೊದಲೇ ಹೋಗಿ ಮಾತಾಡಿ ಬಂದಿರಬೇಕು.

ಸಿದ್ದಾಪುರ, ಮಾಲ್ದಾರೆ, ತಿತಿಮತಿ ಸುತ್ತಮುತ್ತಲಿನವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೂ ಹೇಳುತ್ತೇನೆ: ಬೆಳಕು ಹರಿಯುವ ಮುನ್ನ, ಸಂಜೆ ಐದರ ನಂತರ ತೋಟದ ಒಳದಾರಿಯಲ್ಲಿ ಸೇವೆ ಇಲ್ಲ. ಆನೆ ಬಂದಿದೆ ಎಂಬ ಸುದ್ದಿ ಇದ್ದರೆ ಆ ದಿನ ಇಡೀ ರದ್ದು. ಎಷ್ಟು ಒಳ್ಳೆಯ ಕೆಲಸವಾದರೂ ಸರಿ.

ಹೊಳೆ ಕಡೆ ಮಳೆಗಾಲದಲ್ಲಿ ಕಳಿಸಬೇಡಿ. 2018ರ ಆಗಸ್ಟಿನ ಭೂಕುಸಿತದಂಥ ಹೊತ್ತಿನಲ್ಲಿ ಮಕ್ಕಳನ್ನು ಕುಸಿದ ಜಾಗಕ್ಕಾಗಲಿ ರಕ್ಷಣಾ ಕೆಲಸಕ್ಕಾಗಲಿ ಕರೆದೊಯ್ಯುವಂತೆಯೇ ಇಲ್ಲ, ತುರ್ತಿಗೆ 112. ಪರಿಹಾರ ಕೇಂದ್ರದಲ್ಲಿ ಮಾತ್ರ ಶಿಕ್ಷಕರ ಜೊತೆ ಅವರಿಗೂ ಕೆಲಸವುಂಟು: ಬಂದು ಬಿದ್ದ ಬಟ್ಟೆಯ ರಾಶಿಯನ್ನು ಅಳತೆಗೆ ತಕ್ಕಂತೆ ವಿಂಗಡಿಸುವುದು, ಅಲ್ಲಿರುವ ಮಕ್ಕಳ ಜೊತೆ ಆಡುವುದು. ಎರಡನೆಯದು ಕೆಲಸದಂತೆ ಕಾಣುವುದಿಲ್ಲ, ಆದರೆ ದೊಡ್ಡವರು ಫಾರಂ ತುಂಬಿಸುವಾಗ ಆ ಮಕ್ಕಳನ್ನು ನೋಡುವವರು ಯಾರೂ ಇರುವುದಿಲ್ಲ.

ಒಂಟಿಯಾಗಿರುವ ಹಿರಿಯರ ಮನೆಯಲ್ಲಿ ಗಂಭೀರವಾದದ್ದೇನಾದರೂ ಕಂಡರೆ, ಊಟ ಬಿಟ್ಟಿದ್ದಾರೆ, ಬಿದ್ದಿದ್ದಾರೆ, ಯಾರೋ ಬೆದರಿಸುತ್ತಿದ್ದಾರೆ ಎಂದಾದರೆ, ಮಕ್ಕಳು ನಿಮಗೆ ಹೇಳಲಿ. ನೀವು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.

ಹಂತ 8: ಡೈರಿ ನಿಲ್ಲಿಸುವುದು, ಪುಸ್ತಕ ದಾಟಿಸುವುದು

ಮೆಟ್ಟಿಲಿನ ಪರೀಕ್ಷೆಗೆ ಬೇಕಾದಷ್ಟು ತಿಂಗಳು ಡೈರಿ ಬರೆಸಿ, ಆಮೇಲೆ ನಿಲ್ಲಿಸಿ. ಬರೆಯದೆಯೂ ನಡೆಯುತ್ತದೆಯೇ ಎಂದು ಆಗಲೇ ಗೊತ್ತಾಗುವುದು. ಮೊದಲ ಎರಡು ವಾರ ಕೆಲಸ ಕಡಿಮೆಯಾಗುತ್ತದೆ, ಗಾಬರಿ ಬೇಡ. ಗಂಟು ಮಾತ್ರ ಮುಂದುವರಿಯಲಿ.

ದೊಡ್ಡ ಪುಸ್ತಕ ನಿಮ್ಮದಲ್ಲ, ದಳದ್ದು. ಸರ್ಕಾರಿ ಶಾಲೆಯವರಿಗೆ ವರ್ಗಾವಣೆ ಯಾವಾಗ ಬರುತ್ತದೋ ಹೇಳಲಾಗದು. ಸಮವಸ್ತ್ರದ ಲೆಕ್ಕ, ಡೇರೆಯ ಲೆಕ್ಕ ಮುಂದಿನವರಿಗೆ ಬರೆದುಕೊಟ್ಟು ಹೋಗುತ್ತೇವೆ, ಶನಿವಾರ ಮಕ್ಕಳಿಗಾಗಿ ಕಾಯುವ ಮನೆಗಳ ಪಟ್ಟಿ ಕೊಡಲು ಮರೆಯುತ್ತೇವೆ. ಆ ಪಟ್ಟಿಯನ್ನು ಕೊನೆಯ ಪುಟದಲ್ಲಿ ಬರೆಯಿರಿ: ಯಾವ ಮನೆ, ಯಾವ ಪೆಟ್ರೋಲ್, ಯಾವ ಹೊತ್ತು, ಅಜ್ಜಿಯನ್ನು ಅಲ್ಲಿ ಏನೆಂದು ಕರೆಯುತ್ತಾರೆ, ನಾಯಿ ಕಟ್ಟಿರುತ್ತದೋ ಇಲ್ಲವೋ. ಹೊಸಬರು ಬಂದ ಮೊದಲ ಶನಿವಾರ ನೀವೇ ಜೊತೆಗೆ ಹೋಗಿ ಒಂದೊಂದು ಗೇಟನ್ನೂ ತೋರಿಸಿ ಬನ್ನಿ.